ಒತ್ತೆಗೆ ಉಳಿದ ಮುಕ್ಕಾಲಿ

ಮೂರು ಕಾಲಿನ ವಸ್ತುವಿಗೆ ಒಂದು ಗುಣ, ಒಂದು ದೋಷ. ನೆಲ ಎಷ್ಟೇ ಹಳ್ಳದಿಣ್ಣೆಯಾಗಿರಲಿ, ಅದು ಅಲುಗದೆ ನಿಲ್ಲುತ್ತದೆ, ಇದು ಗುಣ. ಅದರ ಹಿಂದೆ ನಿಂತವನನ್ನು ಯಾರೂ ನಂಬುವುದಿಲ್ಲ, ಇದು ದೋಷ. ಗುಣದ ವಿಷಯ ನನಗೆ ಮೊದಲೇ ಗೊತ್ತಿತ್ತು. ದೋಷವನ್ನು ಚಿನ್ನದ ಗಣಿಯ ಊರಾದ ಉರಿಗಾಮಿನ ಜನ ಕಲಿಸಿದರು.

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ಹೋಗುವ ರೈಲಿನಲ್ಲೇ ಪಾಠ ಶುರುವಾಗಿತ್ತು. ಗೋಣಿತಾಟಿನಲ್ಲಿ ಸುತ್ತಿದ ಮುಕ್ಕಾಲಿಯನ್ನು ಮಗುವಿನಂತೆ ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಕೂತಿದ್ದೆ. ಎದುರಿಗೆ ಕೂತವನು ಎರಡು ಸ್ಟೇಷನ್ನು ತಡೆದುಕೊಂಡ. ಆಮೇಲೆ ತಡೆಯಲಾಗಲಿಲ್ಲ.

"ಏನ್ ಸಾರ್ ಅದು, ಕೋವಿನಾ?"

"ಅಲ್ಲಪ್ಪ. ಸ್ಟ್ಯಾಂಡು. ಮೂರು ಕಾಲಿಂದು."

"ಓ. ಯಾವ್ ಡಿಪಾರ್ಟ್‌ಮೆಂಟು?"

"ಯಾವುದೂ ಇಲ್ಲ. ನಂದೇ."

ಅವನು ಕೋವಿಯೆಂದುಕೊಂಡಾಗ ಹೆದರಿರಲಿಲ್ಲ. ಡಿಪಾರ್ಟ್‌ಮೆಂಟು ಇಲ್ಲ ಎಂದಾಗ ತನ್ನ ಚೀಲವನ್ನು ಆ ಕಡೆಗೆ ಸರಿಸಿಕೊಂಡ.

ಮನೆಯಲ್ಲೂ ಪರಿಸ್ಥಿತಿ ಇದಕ್ಕಿಂತ ಉತ್ತಮವಾಗಿರಲಿಲ್ಲ. "ಈ ವಯಸ್ಸಲ್ಲಿ ದಿನಾ ಸಾಯಂಕಾಲ ಉರಿಗಾಮಿಗೆ ಯಾರನ್ನ ನೋಡೋಕೆ ಹೋಗ್ತೀರಿ?" ಎಂದು ಹೆಂಡತಿ ಕೇಳಿದಳು. ಗಿಡುಗ ಎಂದೆ. "ಹೆಣ್ಣಾ, ಗಂಡಾ?" ಎಂದಳು. ಎರಡೂ ಇವೆ ಎಂದೆ. ಅವತ್ತಿನ ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು.

ಇಷ್ಟಕ್ಕೆಲ್ಲ ಮೂಲ ಒಂದು ದುರ್ಬೀನು. ನಾನು ಕೆಲಸದಿಂದ ನಿವೃತ್ತನಾದಾಗ ಮಗಳು ಕೊಡಿಸಿದ್ದು. ಕಣ್ಣಿಗಿಟ್ಟ ಮೊದಲ ದಿನವೇ ಒಂದು ಸತ್ಯ ತಿಳಿಯಿತು: ದೂರದ್ದನ್ನು ದೊಡ್ಡದು ಮಾಡುವ ಯಂತ್ರ ನಮ್ಮ ಕೈನಡುಕವನ್ನೂ ಅಷ್ಟೇ ಪ್ರಾಮಾಣಿಕವಾಗಿ ದೊಡ್ಡದು ಮಾಡುತ್ತದೆ. ಚಂದ್ರ ಹಸಿಮೆಣಸಿನಕಾಯಿ ಕಚ್ಚಿದವನಂತೆ ಕುಣಿದ. ಬಾಗಿಲಿನ ಚೌಕಟ್ಟಿಗೆ ಒತ್ತಿಹಿಡಿದು ನೋಡಿದೆ. ಸ್ಕೂಟರಿನ ಸೀಟಿನ ಮೇಲೆ ದಿಂಬಿಟ್ಟು ನೋಡಿದೆ. ಉಸಿರು ಬಿಗಿಹಿಡಿದೂ ನೋಡಿದೆ; ಉಸಿರು ನಿಂತರೆ ಎದೆಬಡಿತ ಕಾಣುತ್ತದೆ, ಅದು ಈ ವಯಸ್ಸಿನಲ್ಲಿ ನೋಡಬೇಕಾದ ದೃಶ್ಯವಲ್ಲ. ಕೊನೆಗೆ ಬಂಗಾರಪೇಟೆಯಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಫೋಟೋ ಸ್ಟುಡಿಯೋದಿಂದ ತೇಗದ ಮುಕ್ಕಾಲಿಯೊಂದನ್ನು ತಂದೆ. ನೂರಾರು ಮದುವೆಯ ಗುಂಪುಗಳನ್ನು ಎದುರಿಸಿ ಗಾಂಭೀರ್ಯ ಬಂದಿದ್ದ ಆಸಾಮಿ. ಕಾಲುಗಳಿಗೆ ಕಬ್ಬಿಣದ ಮೊನೆ, ನಡುವೆ ಮೇಲೆ ಕೆಳಗೆ ಜಾರುವ ದಪ್ಪ ಕಂಬ, ಅದನ್ನು ಬಿಗಿಯಲು ಹಿತ್ತಾಳೆಯ ತಿರುಪು. ಯಾತಕ್ಕೆ ಸಾರ್ ಎಂದು ಸ್ಟುಡಿಯೋದವನು ಕೇಳಿದ. ಹಕ್ಕಿ ನೋಡಲು ಎಂದೆ.

"ಹೇಳಾಕೆ ಇಷ್ಟ ಇಲ್ದಿದ್ರೆ ಬಿಡಿ ಸಾರ್," ಎಂದ.

ಹಕ್ಕಿ ಇದ್ದದ್ದು ಮಾತ್ರ ನಿಜ. ಮೈಸೂರು ಮೈನ್ಸ್ ದಿಕ್ಕಿನಲ್ಲಿ ಹಳೆಯ ಗಣಿಬಾಯಿಯೊಂದರ ಮೇಲೆ ಕಬ್ಬಿಣದ ಗೋಪುರವಿದೆ. ಅದರ ತುದಿಯ ಚಕ್ರ ತಿರುಗುವುದು ನಿಂತು ಬಹಳ ಕಾಲವಾಯಿತು. ಆ ಚಕ್ರದ ಕೆಳಗಿನ ಪಟ್ಟಿಯ ಮೇಲೆ ಗಿಡುಗದ ಜೋಡಿಯೊಂದು ಮರಿ ಮಾಡಿತ್ತು. ಆ ಪಟ್ಟಿ ಕಾಣುವುದು ಉರಿಗಾಮಿನಲ್ಲಿ ಗಣಿ ಕೆಲಸಗಾರರಿಗೆಂದು ಕಟ್ಟಿದ ಲೈನು ಮನೆಗಳ ಒಂದು ಸಾಲಿನ ಕೊನೆಯಲ್ಲಿ, ಒಂದೇ ಒಂದು ಜಾಗದಿಂದ. ಗೇಣು ಎಡಕ್ಕೆ ಸರಿದರೆ ಬೇವಿನ ಮರ ಅಡ್ಡ, ಗೇಣು ಬಲಕ್ಕೆ ಸರಿದರೆ ನೀರಿನ ಟ್ಯಾಂಕು ಅಡ್ಡ. ಮರಿಗಳ ರೆಕ್ಕೆ ಬಲಿಯುತ್ತಿತ್ತು. ಅವು ಮೊದಲ ಸಲ ಹಾರುವುದನ್ನು ನೋಡಬೇಕೆಂಬುದು ನನ್ನ ಸಂಕಲ್ಪ. ಸಂಕಲ್ಪ ಎನ್ನುವಷ್ಟು ದೊಡ್ಡದು ನನ್ನ ಬದುಕಿನಲ್ಲಿ ಬೇರೇನೂ ಉಳಿದಿರಲಿಲ್ಲವೆಂದೂ ಹೇಳಬಹುದು.

ಜಾಗ ಹುಡುಕಲು ಬರಿಗೈಯಲ್ಲಿ ಹೋದ ದಿನ, ಆ ಸಾಲಿನ ಕೊನೆಮನೆಯ ಹೆಂಗಸು ಬಾಯಿ ತುಂಬ ಮಾತಾಡಿಸಿದ್ದಳು. ಬೆಳಗಿನ ಜಾವ ಬೆಂಗಳೂರಿನ ರೈಲು ಹಿಡಿಯುವವರಿಗೆ ಅವಳು ಮನೆಯ ಮೆಟ್ಟಿಲ ಮೇಲೆ ಇಡ್ಲಿ ಮಾರುತ್ತಿದ್ದಳು. ಅದೇ ರೈಲಿನಲ್ಲಿ ಅವಳ ಗಂಡ ಯಾರದೋ ಗೇಟು ಕಾಯಲು ಹೋಗುತ್ತಿದ್ದ. ಅಡಿಗೆಮನೆಯ ಹಳೆಯ ತಗಡುಗಳು ತುಕ್ಕು ಹಿಡಿದು ಜರಡಿಯಾಗಿದ್ದವು; ಅವನ್ನೆಲ್ಲ ಕೀಳಿಸಿ, ಹೊಸ ಶೀಟು ತಂದು ಗೋಡೆಗೆ ಒರಗಿಸಿದ್ದಳು. ಅಡಿಗೆಮನೆ ಆಕಾಶಕ್ಕೆ ಬಾಯಿ ತೆರೆದುಕೊಂಡಿತ್ತು.

"ಮೇಸ್ತ್ರಿ ನಾಳೆಯಿಂದ ಬತ್ತಾನೆ ಸಾರ್. ಮಳೆ ಬೀಳಾಕ್ ಮುಂಚೆ ಮುಚ್ಚಿಬಿಡ್ಬೇಕು. ಇಲ್ಲಾಂದ್ರೆ ಒಲೆ ಇಲ್ಲ, ಒಲೆ ಇಲ್ದಿದ್ರೆ ಇಡ್ಲಿ ಇಲ್ಲ, ಇಡ್ಲಿ ಇಲ್ದಿದ್ರೆ ನಾವೇ ಇಲ್ಲ," ಎಂದು ನಕ್ಕಳು.

ಮರುದಿನ ಮುಕ್ಕಾಲಿಯೊಂದಿಗೆ ಹೋದೆ. ನಗು ನಿಂತಿತು. ಕಾಫಿ ಶುರುವಾಯಿತು.

ಆ ಕಾಫಿಯ ಬಗ್ಗೆ ನನಗೆ ಆಗಲೇ ಅನುಮಾನ ಬರಬೇಕಿತ್ತು. ಬಡವರ ಮನೆಯಲ್ಲಿ ಕೇಳದೆ ಕಾಫಿ ಬರುವುದು ಎರಡೇ ಕಾರಣಕ್ಕೆ: ನೆಂಟಸ್ತಿಕೆಗೆ, ಇಲ್ಲವೇ ಅಧಿಕಾರಿಗೆ. ನಾನು ನೆಂಟನಲ್ಲ. ಆದರೆ ನನ್ನ ಗಮನವೆಲ್ಲ ಶಾಸ್ತ್ರೋಕ್ತವಾಗಿ ಮುಕ್ಕಾಲಿ ನಿಲ್ಲಿಸುವುದರಲ್ಲಿತ್ತು. ಒಂದು ಕಾಲು ನೋಡುವ ದಿಕ್ಕಿಗೆ, ಎರಡು ಕಾಲು ನಮ್ಮ ಕಡೆಗೆ. ಕಾಲುಗಳನ್ನು ಅಗಲಿಸಬೇಕು, ನಡುಗಂಬವನ್ನು ಎತ್ತಬಾರದು, ಎತ್ತಿದಷ್ಟೂ ನಡುಗುತ್ತದೆ. ಇಷ್ಟೆಲ್ಲ ಮಾಡಿದರೂ ಸಾಯಂಕಾಲ ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬದ ಕಡೆಯಿಂದ ಬೂದಿಪುಡಿ ಹೊತ್ತು ಬೀಸುವ ಗಾಳಿಗೆ ಎಲ್ಲವೂ ಅದುರಿತು. ಅದಕ್ಕೂ ಉಪಾಯವಿತ್ತು. ನಡುಗಂಬದ ತಳದ ಕೊಕ್ಕೆಗೆ ಹಗ್ಗ ಕಟ್ಟಿ, ನಮ್ಮಪ್ಪನ ಅಂಗಡಿಯ ಕಾಲದ ಕಬ್ಬಿಣದ ತೂಕದ ಗುಂಡೊಂದನ್ನು ನೆಲಕ್ಕೆ ತಾಗದಂತೆ ಇಳಿಬಿಟ್ಟೆ. ಮುಕ್ಕಾಲಿ ಭೂಮಿಗೆ ಬೇರು ಬಿಟ್ಟಂತೆ ನಿಂತಿತು. ಗಿಡುಗದ ಮರಿಯ ಕಣ್ಣಿನ ಸುತ್ತಲಿನ ಹಳದಿ ಕೂಡ ಕಂಡಿತು.

ಜಾಗ ತಪ್ಪಬಾರದಲ್ಲ? ಮೂರು ಕಾಲಿನ ಕೆಳಗೆ ಮೂರು ಇಟ್ಟಿಗೆ ಇಟ್ಟು, ಗುರುತಿಗೆಂದು ಅವುಗಳ ಮೇಲೆ ಸುಣ್ಣ ಬಳಿದು, ಬಹಳ ಬುದ್ಧಿವಂತನೆಂಬ ಸಮಾಧಾನದಲ್ಲಿ ಮನೆಗೆ ಬಂದೆ.

ಆ ಮೇಲೆ ಇಟ್ಟಿಗೆಗಳು ನಡೆಯತೊಡಗಿದವು.

ಮಾರನೆಯ ಸಾಯಂಕಾಲ ಮುಕ್ಕಾಲಿಯನ್ನು ಗುರುತಿನ ಮೇಲೆ ನಿಲ್ಲಿಸಿ ಕಣ್ಣಿಟ್ಟರೆ ಬೇವಿನ ಎಲೆ. ಅದರ ಮರುದಿನ ನೀರಿನ ಟ್ಯಾಂಕು, ಅದರ ಮೇಲೊಂದು ಕಾಗೆ. ನನ್ನ ಮೊದಲ ಅನುಮಾನ ಮೇಕೆಗಳ ಮೇಲೆ ಬಿತ್ತು. ಆದರೆ ಮೇಕೆ ಇಟ್ಟಿಗೆಯನ್ನು ಉರುಳಿಸೀತು, ಮೂರನ್ನೂ ಅಂತರ ಕೆಡದಂತೆ ಒಟ್ಟಿಗೆ ಸರಿಸಲಾರದು. ಎರಡನೆಯ ಅನುಮಾನ ನೆಲದ ಮೇಲೆ. ಆ ಊರಿನ ನೆಲ ಅನುಮಾನಕ್ಕೆ ಅರ್ಹವಾದದ್ದೇ. ಒಳಗೆ ಸುರಂಗ ಕೊರೆದು ಕೊರೆದು, ಈಗ ನೀರು ತುಂಬಿ ನಿಂತಿದೆ. ಒಂದೊಂದು ಸಲ ಪಾತ್ರೆಗಳು ತಾವಾಗಿಯೇ ಗಲಗಲ ಎನ್ನುತ್ತವೆ. ಭೂಮಿ ದಿನಕ್ಕೊಂದು ಗೇಣು ಜರುಗುತ್ತಿದೆಯೇ? ಹಾಗಿದ್ದರೆ ಟ್ಯಾಂಕು, ಬೇವು, ನಾನು ಎಲ್ಲರೂ ಒಟ್ಟಿಗೆ ಜರುಗಬೇಕಿತ್ತು. ಕಡೆಯ ಅನುಮಾನ ನನ್ನ ಮೇಲೆಯೇ ಬಂತು. ಆ ಅನುಮಾನವನ್ನು ಹೆಂಡತಿಗೆ ಹೇಳಲಿಲ್ಲ. ಅವಳ ಬಳಿ ಆಗಲೇ ಬೇರೆ ದಾಸ್ತಾನಿತ್ತು.

ಈ ನಡುವೆ ಅಡಿಗೆಮನೆ ಬಾಯಿ ತೆರೆದೇ ಇತ್ತು. ಶೀಟುಗಳು ಗೋಡೆಗೆ ಒರಗಿದಲ್ಲೇ ಇದ್ದವು. ಮೇಸ್ತ್ರಿ ಎಲ್ಲಿ ಎಂದು ಕೇಳಿದೆ.

"ಅವನಿಗೆ ಜ್ವರ ಸಾರ್," ಎಂದಳು, ನನ್ನ ಮುಖ ನೋಡದೆ ತೂಗುವ ಗುಂಡನ್ನು ನೋಡುತ್ತ. "ಕಾಫಿಗೆ ಸಕ್ಕರೆ ಸಾಕಾ?"

ಮೊದಲ ದಿನ ಅವಳ ಮನೆಗೆ ಶೀಟು ಇಳಿಸಲು ಬಂದಿದ್ದ ಆ ಮೇಸ್ತ್ರಿಯನ್ನು ನಾನು ಅದೇ ಬೆಳಿಗ್ಗೆ ಬಂಗಾರಪೇಟೆಯ ಬಸ್ ಸ್ಟ್ಯಾಂಡಿನ ಬಳಿ ನೋಡಿದ್ದೆ. ಜ್ವರದವನು ಹಾಗೆ ಪೂರಿ ತಿನ್ನುವುದಿಲ್ಲ. ಇವಳು ಸುಳ್ಳು ಹೇಳುತ್ತಿದ್ದಾಳೆ, ಏಕೆ? ಇಟ್ಟಿಗೆಗಳು ನಡೆಯುತ್ತಿವೆ, ಎಲ್ಲಿಗೆ? ಪಕ್ಕದ ಮನೆಯ ಮುದುಕ, ಗಣಿಯೊಳಗೆ ದುಡಿದು ಎದೆಯಲ್ಲಿ ಕೆಮ್ಮು ಉಳಿಸಿಕೊಂಡವನು, ನಾನು ಬಂದ ಕೂಡಲೇ ಕುರ್ಚಿ ತಂದುಹಾಕಿ, ನಾನು ಕೂತ ಕೂಡಲೇ ತನ್ನ ಮನೆಗೆ ಬೆನ್ನಾಗುವಂತೆ ಅದನ್ನು ತಿರುಗಿಸುತ್ತಿದ್ದ. ಎಲ್ಲರೂ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆಂಬುದು ಖಚಿತವಾಯಿತು. ಪತ್ತೇದಾರನ ಗತ್ತಿನಿಂದ ಒಂದು ದಿನ ಸಾಯಂಕಾಲದ ಬದಲು ನಡುಮಧ್ಯಾಹ್ನದ ರೈಲಿಗೇ ಹೋಗಿ, ಬೇವಿನ ಮರದ ಹಿಂದೆ ನಿಂತೆ.

ಬಹಳ ಹೊತ್ತು ಕಾಯಬೇಕಾಗಲಿಲ್ಲ. ಇಡ್ಲಿಯ ಹೆಂಗಸು ಪೊರಕೆ ಹಿಡಿದು ಬಂದಳು. ಗುಡಿಸುವವಳಂತೆ ಗುಡಿಸುತ್ತ, ಒಂದೊಂದೇ ಇಟ್ಟಿಗೆಯನ್ನು ಕಾಲಿನಿಂದ ತನ್ನ ಮನೆಯಿಂದ ದೂರಕ್ಕೆ, ಮುದುಕನ ಮನೆಯ ಕಡೆಗೆ ತಳ್ಳಿದಳು. ಒಳಹೋದಳು. ಮುದುಕ ಬಂದ. ಆ ಕಡೆ ಈ ಕಡೆ ನೋಡಿ, ಕೆಮ್ಮಿ, ಇಟ್ಟಿಗೆಗಳನ್ನು ಊರುಗೋಲಿನಿಂದ ಅವಳ ಮನೆಯ ಕಡೆಗೆ ತಳ್ಳಿದ. ಅಷ್ಟರಲ್ಲಿ ಅವಳು ಹೊರಬಂದಳು.

"ಏಯ್ ತಾತ! ಏನ್ ಮಾಡ್ತಿದ್ದೀಯ? ನನ್ ಒಲೆ ಮೇಲೆ ತಂದು ಇಕ್ತೀಯಾ?"

"ನೀ ಮಾತ್ರ ನನ್ ತಲೆ ಮೇಲೆ ಇಕ್ಕಬಹುದಾ? ದಿನಾ ಪೊರಕೇಲಿ ತಳ್ಳೋದು ನಂಗೆ ಗೊತ್ತಿಲ್ವಾಮ್ಮ? ಈ ಕೆಮ್ಮು ಇಟ್ಕೊಂಡು ನಾನ್ ಎಲ್ಲಿಗೆ ಓಗ್ಲಿ?"

"ನಿಂಗೆ ಮೇಲೆ ಮುಚ್ಚೈತೆ. ನಂಗೆ ಬರೀ ಆಕಾಶ. ಅವನು ಇಲ್ಲಿ ಗುಂಡು ಇಳಿಬಿಟ್ಟು ಅಳೀತಾ ಕುಂತವ್ನೆ, ನಾನು ಹೊಸ ಶೀಟು ಹಾಕಿ ಯಾರಿಗೆ ಕೊಡ್ಲಿ? ನಾಳೆ ಬಂದು ಕೆಡವಿದ್ರೆ?"

ಮರದ ಹಿಂದೆ ನಿಂತಿದ್ದ ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಆ ಊರಿನಲ್ಲಿ ಮೂರು ಕಾಲಿನ ಸ್ಟ್ಯಾಂಡೆಂದರೆ ಸರ್ವೆ. ಅದರ ಕೆಳಗೆ ತೂಗುವ ಗುಂಡೆಂದರೆ ಅಳತೆಯ ಬಿಂದು. ಸುಣ್ಣ ಬಳಿದ ಗುರುತೆಂದರೆ, ಇಲ್ಲಿಂದ ಆಚೆಗೆ ನಿನ್ನದಲ್ಲ ಎಂದು. ಗಣಿ ಮುಚ್ಚಿದಂದಿನಿಂದ ಲೈನು ಮನೆಗಳು ಯಾರಿಗೆ ಸೇರಿದವು, ಗಣಿ ಮತ್ತೆ ತೆರೆಯುತ್ತದೆಯೋ, ಕಾರ್ಖಾನೆ ಬರುತ್ತದೆಯೋ ಎಂಬ ಸುದ್ದಿ ವರ್ಷಕ್ಕೊಮ್ಮೆ ಎದ್ದು ವರ್ಷಕ್ಕೊಮ್ಮೆ ಮಲಗುವ ಜಾಗದಲ್ಲಿ, ನಾನು ಗಾಳಿಗೆ ಹೆದರಿ ಮಾಡಿದ ಪ್ರತಿಯೊಂದು ಉಪಾಯವೂ ಸರ್ಕಾರಿ ಮುದ್ರೆಯಂತೆ ಕಂಡಿತ್ತು. ಸರ್ವೆಯವನ ಗುರುತನ್ನು ಕಿತ್ತೆಸೆದರೆ ಅಪರಾಧ. ಪಕ್ಕದ ಮನೆಯ ಕಡೆಗೆ ತುಸು ಸರಿಸಿದರೆ ಗುಡಿಸುವಾಗ ಆದ ಅಚಾತುರ್ಯ. ನ್ಯಾಯಶಾಸ್ತ್ರದ ಇಷ್ಟು ಸೂಕ್ಷ್ಮವನ್ನು ಆ ಸಾಲಿನವರು ಯಾರಿಂದಲೂ ಕಲಿತಿರಲಿಲ್ಲ.

ಹೊರಗೆ ಬಂದೆ. ಮರದ ಹಿಂದಿನಿಂದ ಬಂದವನು ಎಷ್ಟು ನಂಬಿಕೆಗೆ ಅರ್ಹನಾಗಿ ಕಾಣುತ್ತಾನೋ ಅಷ್ಟೇ ಅರ್ಹನಾಗಿ ಕಂಡೆ.

"ನಾನು ಸರ್ವೆಯವನಲ್ಲಮ್ಮ. ಹಕ್ಕಿ ನೋಡೋಕೆ ಬರೋನು."

"ಹೂಂ ಸಾರ್," ಎಂದಳು.

ಆ 'ಹೂಂ' ಎಂಬುದರಲ್ಲಿ ನಂಬಿಕೆಯ ಲವಲೇಶವಿರಲಿಲ್ಲ. ಮುದುಕ ವಿವರಿಸಿದ: "ಹೋದ್ ಸಲ ಬಂದೋನು ನೀರಿನ ಪೈಪು ಅಂದ. ಅದಕ್ ಮುಂಚೆ ಬಂದೋನು ಕರೆಂಟು ಅಂದ. ನೀವು ಹಕ್ಕಿ ಅಂತೀರ. ಪರವಾಗಿಲ್ಲ ಸಾರ್, ಚೆನ್ನಾಗೈತೆ."

ಮುಕ್ಕಾಲಿ ನಿಲ್ಲಿಸಿ, ಗುಂಡು ಕಟ್ಟಿ, ಬಾಮ್ಮ ನೀನೇ ನೋಡು ಎಂದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾವಿಗೆ ಇಣುಕುವವಳಂತೆ ಇಣುಕಿದಳು. "ಅಯ್ಯೋ, ರೆಕ್ಕೆ ಬಡೀತೈತೆ!" ಎಂದು ಒಂದು ಕ್ಷಣ ನಿಜವಾಗಿ ಸಂತೋಷಪಟ್ಟಳು. ಆಮೇಲೆ ತಲೆ ಎತ್ತಿ, "ಹಕ್ಕಿಗೆ ಗುಂಡು ಯಾಕ್ ಸಾರ್?" ಎಂದಳು.

ಗುಂಡು ಅನುಮಾನಕ್ಕೆ ಮೂಲವಾದರೆ ಅದೇ ಬೇಡವೆಂದು ಬಿಚ್ಚಿದೆ. ಗಾಳಿ ಬೀಸಿತು. ದುರ್ಬೀನು ಅದುರಿ ಗೋಪುರ, ಚಕ್ರ, ಗಿಡುಗ ಎಲ್ಲ ಕಲಸಿಹೋದವು. ಈ ಸಲ ಮುದುಕ ಇಣುಕಿದ.

"ಎಲ್ಲಮ್ಮ ಹಕ್ಕಿ? ಏನೋ ನಡುಗ್ತಾ ಐತೆ ಅಷ್ಟೆ. ಗುಂಡು ಇದ್ರೆ ಹಕ್ಕಿ ಬತ್ತೈತೆ, ಬಿಚ್ಚಿದ್ರೆ ಓಗ್ತೈತೆ. ಒಳಗೆ ಫೋಟೋ ಏನಾದ್ರೂ ಅಂಟಿಸವ್ರಾ ನೋಡು."

"ಹಾಗಾದರೆ ನಾಳೆಯಿಂದ ನಾನು ಬರೋದೇ ಇಲ್ಲ. ನೀನು ಮೇಸ್ತ್ರಿಯನ್ನ ಕರೆಸಿ ಶೀಟು ಹಾಕಿಸಮ್ಮ," ಎಂದೆ. ತ್ಯಾಗದ ಮಾತು, ನನಗೇ ಕೇಳಲು ಹಿತವಾಗಿತ್ತು.

ಅವಳು ಮುದುಕನ ಕಡೆ ತಿರುಗಿದಳು. ಮುದುಕ ನಿಧಾನವಾಗಿ ಹೇಳಿದ: "ನೀವ್ ಬರ್ದೆ ಹೋದ್ರೆ ಅಳತೆ ಮುಗೀತು ಅಂತ ಅರ್ಥ ಸಾರ್. ಮುಗಿದ್ ಮೇಲೇನೆ ಅವ್ರು ಬರಲ್ಲ. ಆಮೇಲೆ ಬರೋದು ಜೆಸಿಬಿ."

ಬಂದರೆ ಅಳತೆ ನಡೆಯುತ್ತಿದೆ. ಹೋದರೆ ಅಳತೆ ಮುಗಿದಿದೆ. ನಾನು ಸಭ್ಯನೆಂದು ತೋರಿಸಲು ಆ ಊರಿನಲ್ಲಿ ಇದ್ದು ಪ್ರಯೋಜನವಿಲ್ಲ, ಹೋಗಿಯೂ ಪ್ರಯೋಜನವಿಲ್ಲ. ವಿಧಿಯಿಲ್ಲದೆ ದಿನವೂ ಹೋದೆ. ಅವಳು ಅಂಗಳದಲ್ಲೇ ಒಲೆ ಹೂಡಿ, ಮೇಲೊಂದು ಹರಕು ಟಾರ್ಪಾಲು ಕಟ್ಟಿ ಇಡ್ಲಿ ಬೇಯಿಸತೊಡಗಿದಳು. ಒಂದು ಸಣ್ಣ ಹನಿಗೆ ಹಿಟ್ಟು ನೀರಾಯಿತಂತೆ. ರೈಲಿನವರು ಮುಂದಿನ ಅಂಗಡಿಗೆ ನಡೆದರಂತೆ. ಇದನ್ನು ನನಗೆ ದೂರಿನಂತೆ ಹೇಳಲಿಲ್ಲ, ಅರ್ಜಿಯಂತೆ ಹೇಳಿದಳು. ಅದು ಇನ್ನೂ ಕಷ್ಟವಾಗಿತ್ತು. ಮೇಲೆ ಬೇತಮಂಗಲದ ಕಡೆಯಿಂದ ಮೋಡ ದಿನದಿನಕ್ಕೂ ದಪ್ಪವಾಗುತ್ತಿತ್ತು. ಅತ್ತ ಪಟ್ಟಿಯ ತುದಿಗೆ ಬಂದು ನಿಂತ ಮರಿಗಳು ರೆಕ್ಕೆ ಬಿಚ್ಚಿ, ಕೆಳಗೆ ನೋಡಿ, ಮತ್ತೆ ಮಡಚಿಕೊಳ್ಳುತ್ತಿದ್ದವು. ಇವತ್ತೋ ನಾಳೆಯೋ ಎಂಬಂತಿತ್ತು.

ಮೇಸ್ತ್ರಿ ಕೊನೆಗೂ ಬಂದ. ಗಂಡ ರಜೆ ಹಾಕಿ ಅವನನ್ನು ಹಿಡಿದು ತಂದಿದ್ದ. "ಕೆಡವಿದ್ರೆ ಕೆಡವಲಿ, ಒಣಗಿದ ಮನೇನೇ ಕೆಡವಲಿ," ಎಂಬುದು ಗಂಡನ ವಾದ. ಹೆಂಡತಿ ಒಪ್ಪಿರಲಿಲ್ಲ. ನಾನು ಹೋಗುವ ಹೊತ್ತಿಗೆ ಶೀಟು ಹೊರಬೇಕಾದ ಕಬ್ಬಿಣದ ಪೈಪುಗಳನ್ನು ಗೋಡೆಯ ಮೇಲೆ ಕೂರಿಸಿ, ತುದಿಗಳಿಗೆ ಸಿಮೆಂಟು ಮೆತ್ತಿದ್ದರು. ಹಳೆಯ ಗೋಡೆ, ಹಸಿ ಸಿಮೆಂಟು. ನಡುವಿನ ಪೈಪು ಜೋಲುತ್ತಿತ್ತು. ಗಟ್ಟಿಯಾಗುವ ತನಕ ಕೆಳಗಿನಿಂದ ಏನಾದರೂ ಆನಿಕೆ ಬೇಕು. ಮೇಸ್ತ್ರಿಯ ನೀಲಗಿರಿ ಕಂಬಗಳು ಬಂಗಾರಪೇಟೆಯ ಇನ್ನೊಂದು ಕೆಲಸದಲ್ಲಿದ್ದವು.

"ನಾಳೆ ತರ್ತೀನಿ," ಎಂದ ಮೇಸ್ತ್ರಿ.

"ನಾಳೆ ತನ್ಕ ಮೋಡ ನಿನ್ ಮಾತು ಕೇಳ್ತೈತೇನ್ಲಾ?" ಎಂದ ಗಂಡ.

"ನಾನ್ ಆವಾಗ್ಲೇ ಹೇಳಿದ್ನಲ್ಲ, ಈ ಕೆಲ್ಸ ಆಗಲ್ಲ, ನಿಲ್ಸಿ ಅಂತ," ಎಂದಳು ಅವಳು, ಅಳುವಿನ ಅಂಚಿನಲ್ಲಿ. ಬೆರಳು ಮಾತ್ರ ನನ್ನ ಕಡೆ ತೋರುತ್ತಿತ್ತು.

ಮೊದಲ ಗುಡುಗು ಕೇಳಿತು. ಪಟ್ಟಿಯ ತುದಿಯಲ್ಲಿ ದೊಡ್ಡ ಮರಿ ರೆಕ್ಕೆ ಪೂರ್ತಿ ಬಿಚ್ಚಿ ನಿಂತಿದ್ದನ್ನು ನಾನು ಆಗತಾನೇ ದುರ್ಬೀನಿನಲ್ಲಿ ಹಿಡಿದಿದ್ದೆ. ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಜೋಲುವ ಪೈಪಿನ ಮೇಲೆ. ಎರಡಕ್ಕೂ ಬೇಕಾದದ್ದು ಒಂದೇ ಮುಕ್ಕಾಲಿ.

ದುರ್ಬೀನಿನ ತಿರುಪು ಬಿಚ್ಚಿದೆ. ಗುಂಡು ಬಿಚ್ಚಿದೆ. ಮುಕ್ಕಾಲಿಯನ್ನು ಅಡಿಗೆಮನೆಯೊಳಗೆ ತಂದು, ಕಾಲು ಅಗಲಿಸಿ, ಮೊನೆಗಳನ್ನು ಮಣ್ಣು ನೆಲಕ್ಕೆ ಒತ್ತಿ, ಎಂದೂ ಎತ್ತಬಾರದ ನಡುಗಂಬವನ್ನು ಎತ್ತಿದೆ, ಪೈಪಿಗೆ ಮುಟ್ಟುವವರೆಗೆ. ತಲೆಯ ಮೇಲೊಂದು ಮರದ ತುಂಡಿಟ್ಟು ಹಿತ್ತಾಳೆಯ ತಿರುಪನ್ನು ಬಿಗಿದೆ. ಪೈಪು ಮೇಲೆದ್ದು ನೇರವಾಯಿತು. ಮೇಸ್ತ್ರಿ ಅದನ್ನೊಮ್ಮೆ ಅಲುಗಿಸಿ ನೋಡಿ ಏಣಿ ಹತ್ತಿದ. ಶೀಟುಗಳು ಒಂದೊಂದಾಗಿ ಮೇಲೇರಿದವು. ಕೊನೆಯ ಶೀಟಿಗೆ ಬೋಲ್ಟು ಬೀಳುವಾಗ ಮಳೆಯೂ ಬಿತ್ತು. ನಾವೆಲ್ಲ ಒಳಗೆ ನಿಂತೆವು, ತಲೆಯ ಮೇಲೆ ತಮಟೆಯ ಸದ್ದು.

ಮುದುಕ ಮುಕ್ಕಾಲಿಯ ಸುತ್ತ ಒಂದು ಸುತ್ತು ಬಂದ. "ಸರ್ವೆಯೋನು ಮೂತ್ರಕ್ಕೆ ಓದ್ರೂ ಸ್ಟ್ಯಾಂಡ್ ಬಿಟ್ಟು ಓಗಲ್ಲಮ್ಮ," ಎಂದು ತೀರ್ಪು ಕೊಟ್ಟ. "ಇವ್ರು ಒಲೆ ಮಗ್ಗುಲಲ್ಲಿ ನಿಲ್ಸವ್ರೆ. ಸರ್ವೆಯೋರಲ್ಲ ಬಿಡು."

ಅವಳು ಉಸಿರು ಬಿಟ್ಟಳು. ನಾನೂ ಬಿಟ್ಟೆ. ಮುದುಕ ಕೆಮ್ಮಿ ಮುಗಿಸಿ, ಅದೇ ದನಿಯಲ್ಲಿ ಸೇರಿಸಿದ: "ಅಂಗಾದ್ರೆ ಇವ್ರು ಯಾರು?"

ಮರಿಗಳು ಹಾರಿದ್ದನ್ನು ನಾನು ನೋಡಲಿಲ್ಲ. ಮಳೆ ನಿಂತು ಮುಂದಿನ ಸಲ ಹೋದಾಗ ಪಟ್ಟಿಯ ಮೇಲೆ ಹಿಕ್ಕೆಯ ಬಿಳಿ ಗೆರೆಗಳು ಮಾತ್ರ ಇದ್ದವು. "ಅವತ್ತು ನೀವು ಹೋದ್ ಮೇಲೆ ಎರಡು ಹಾರ್ತಾ ಇದ್ವು ಸಾರ್, ಮೈಸೂರು ಮೈನ್ಸ್ ಕಡೆ, ಒಂದರ ಹಿಂದೆ ಒಂದು," ಎಂದಳು ಅವಳು. ನಿಜವೋ, ನನ್ನನ್ನು ಸಮಾಧಾನಪಡಿಸಲು ಹೇಳಿದ್ದೋ, ಇನ್ನು ಬರಬೇಡಿ ಎನ್ನುವುದಕ್ಕೋ, ನನಗೆ ಇವತ್ತಿಗೂ ಅನುಮಾನವಿದೆ.

ಆದರೂ ಹೋಗುತ್ತೇನೆ. ಗೋಪುರಕ್ಕೆ ಹಳೆಯ ಜೋಡಿ ಬಂದು ಕೂರುತ್ತದೆ. ಅಡಿಗೆಮನೆಯ ಸಿಮೆಂಟು ಎಂದೋ ಗಟ್ಟಿಯಾಗಿದೆ. ಮುಕ್ಕಾಲಿ ಮಾತ್ರ ಒಳಗೇ ನಿಂತಿದೆ. ಕೇಳಿದರೆ, "ಈ ಮಳೆಗಾಲ ಒಂದು ಕಳೀಲಿ ಸಾರ್, ಗೋಡೆ ಹಳೇದು," ಎನ್ನುತ್ತಾಳೆ. ಗೋಡೆ ಒಂದು ನೆಪ; ಅದು ತನ್ನ ಸೂರಿನ ಕೆಳಗೇ ಇರುವುದು ಅವಳಿಗೆ ವಾಸಿ. ಒಲೆಯ ಮಗ್ಗುಲಲ್ಲಿ ನಿಂತ ಮುಕ್ಕಾಲಿ ಯಾರ ಮನೆಯನ್ನೂ ಅಳೆಯಲಾರದು. ಅದಕ್ಕೆ ಬದಲು ಒಂದು ಚೀಲ ರಾಗಿ ಕೊಡುತ್ತಾಳೆ. ಅದನ್ನು ಅಂಗಳದ ಮೋಟುಗೋಡೆಯ ಮೇಲಿಟ್ಟು ನಡುವೆ ತಗ್ಗು ಮಾಡಿ ದುರ್ಬೀನು ಒರಗಿಸಿದರೆ, ಗಾಳಿಯಿಲ್ಲದ ಸಾಯಂಕಾಲ ಸುಮಾರಾಗಿ ನಿಲ್ಲುತ್ತದೆ. ಚೀಲದ ಬಾಯಿಗೆ ತನ್ನದೇ ಒಂದು ಗಂಟು ಹಾಕಿ ಕೊಡುತ್ತಾಳೆ, ವಾಪಸು ತೆಗೆದುಕೊಳ್ಳುವಾಗ ಗಂಟನ್ನು ನೋಡುತ್ತಾಳೆ.

ನನ್ನ ಮೂರು ಇಟ್ಟಿಗೆಗಳು ಈಗ ಹೊಸ ಒಲೆಯಲ್ಲಿವೆ. ಮೊನ್ನೆ ಕಾಫಿ ಕುಡಿಯುತ್ತ ಬಗ್ಗಿ ನೋಡಿದೆ. ಸುಣ್ಣ ಬಳಿದ ಮುಖಗಳನ್ನೆಲ್ಲ ಬೆಂಕಿಯ ಕಡೆಗೆ ತಿರುಗಿಸಿ ಇಟ್ಟಿದ್ದಾಳೆ.